2011ರ ಇ-ಕ್ಲಾಸ್ ಡೀಸೆಲ್, 1.4 ಲಕ್ಷ ಕಿ.ಮೀ.: ತಗೊಳ್ಳಬಹುದಾ?

ನೀವು ಕೇಳಿದ್ದು ಇಷ್ಟು: 2011ರ ಮರ್ಸಿಡಿಸ್ ಇ 350 ಸಿಡಿಐ, ಬೆಂಗಳೂರಿನ ಕಾರು, 1.4 ಲಕ್ಷ ಕಿ.ಮೀ. ಓಡಿದೆ, 8 ಲಕ್ಷ ಹೇಳುತ್ತಿದ್ದಾರೆ. ಬೆಲೆ ಸರಿಯಾ, ಸಾಕೋಕೆ ಆಗುತ್ತಾ? ಇದೇ ಎಂಜಿನ್ನಿನ ಕಾರು ನಮ್ಮ ಮನೆಯಲ್ಲಿ ಹಲವು ವರ್ಷಗಳಿಂದ ಇದೆ. ಮೈಸೂರು–ಬೆಂಗಳೂರು ಓಡಾಟವೆಲ್ಲ ಅದರಲ್ಲೇ. ಗೊತ್ತಿರುವುದನ್ನು ಹೇಳುತ್ತೇನೆ.

ಮೊದಲು ಕಿಲೋಮೀಟರ್ ಭಯ ಬಿಡಿ. ಈ ಮೂರು ಲೀಟರಿನ ವಿ6 (ಆರು ಸಿಲಿಂಡರ್ ವಿ ಆಕಾರದಲ್ಲಿ ಕೂತಿರುವ) ಡೀಸೆಲ್‌ಗೆ 1.4 ಲಕ್ಷ ಏನೂ ಜಾಸ್ತಿ ಅಲ್ಲ. ಹೈವೇಯಲ್ಲಿ ಓಡಿ, ಹೊತ್ತಿಗೆ ಸರಿಯಾಗಿ ಆಯಿಲ್ ಕಂಡಿದ್ದರೆ ಇನ್ನೂ ಅಷ್ಟೇ ಓಡುತ್ತದೆ. ನನಗೆ ಅನುಮಾನ ಬರುವುದು ಮೀಟರ್ 50 ಸಾವಿರ ತೋರಿಸುವ ಕಾರಿನ ಮೇಲೆ. ಬ್ರೇಕ್ ಪೆಡಲ್ಲಿನ ರಬ್ಬರ್ ಸವೆದು ನುಣ್ಣಗಾಗಿದೆ, ಡ್ರೈವರ್ ಸೀಟಿನ ಅಂಚು ಕುಸಿದಿದೆ, ಆದರೂ ಮೀಟರ್ ಮಾತ್ರ ಕಡಿಮೆ ಅಂದರೆ ಯಾರೋ ಅದನ್ನು ಮುಟ್ಟಿದ್ದಾರೆ.

ಈ ಎಂಜಿನ್ನಿನಲ್ಲಿ ನೋಡಲೇಬೇಕಾದ ಜಾಗ ಒಂದಿದೆ. ಎಂಜಿನ್ ಆಯಿಲ್ ತಣ್ಣಗಿಡುವ ಆಯಿಲ್ ಕೂಲರ್ ಕೂತಿರುವುದು ವಿ ಆಕಾರದ ಮಧ್ಯದ ಕಣಿವೆಯಲ್ಲಿ, ಇಂಟೇಕ್ (ಗಾಳಿ ಒಳಗೆ ಹೋಗುವ ಭಾಗ) ಮತ್ತು ಟರ್ಬೊದ ಕೆಳಗೆ. ಅದರ ಹಳೆಯ ಕಿತ್ತಳೆ ಬಣ್ಣದ ಸೀಲುಗಳು ಬಿಸಿಗೆ ಗಟ್ಟಿಯಾಗಿ ಆಯಿಲ್ ಬಿಡುತ್ತವೆ. ಮೇಲಿನಿಂದ ನೋಡಿದರೆ ಏನೂ ಕಾಣದು. ಕಾರನ್ನು ಲಿಫ್ಟ್ ಮೇಲೆ ಹಾಕಿಸಿ, ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗಕ್ಕೆ ಟಾರ್ಚ್ ಬಿಡಿ. ಹಸಿ ಆಯಿಲ್ ಇದ್ದರೆ ಹೆಚ್ಚಾಗಿ ಇದೇ ಕಾರಣ. ಸೀಲುಗಳ ಬೆಲೆ ಚಿಲ್ಲರೆ. ಆದರೆ ಅಲ್ಲಿಗೆ ಕೈ ತಲುಪಬೇಕಾದರೆ ಮೇಲಿನದೆಲ್ಲ ಬಿಚ್ಚಬೇಕು. ಮೆಕ್ಯಾನಿಕ್ಕಿಗೆ ಎರಡು ಮೂರು ದಿನದ ಕೆಲಸ, ಕೂಲಿಯೇ ದೊಡ್ಡದು. ಹೊಸ ಸೀಲುಗಳು ನೇರಳೆ ಬಣ್ಣದವು, ಬಾಳಿಕೆ ಬರುತ್ತವೆ. ಬಿಲ್ಲಿನಲ್ಲಿ ಈ ಕೆಲಸ ಆಗಲೇ ಆಗಿದೆ ಅಂತ ಕಂಡರೆ ಆ ಕಾರಿಗೆ 50 ಸಾವಿರ ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಹಾಗೇ ಟರ್ಬೊಗೆ ಗಾಳಿ ಹೋಗುವ ಪೈಪಿನ ಸೀಲು. ಅದು ಸೋರಿದರೆ ಆಯಿಲ್ ನೇರ ಕೆಳಗಿರುವ ಸ್ವರ್ಲ್ ಮೋಟರ್ (ಇಂಟೇಕ್ ಒಳಗಿನ ಗಾಳಿಯ ಫ್ಲಾಪ್‌ಗಳನ್ನು ತಿರುಗಿಸುವ ಮೋಟರ್) ಮೇಲೆ ತೊಟ್ಟಿಕ್ಕುತ್ತದೆ. ಮೋಟರ್ ಕೆಟ್ಟರೆ ಚೆಕ್ ಎಂಜಿನ್ ಲೈಟ್ ಬರುತ್ತದೆ, ಗಾಡಿ ಲಿಂಪ್ ಮೋಡಿಗೆ ಹೋಗಿ ಎಳೆಯುವುದನ್ನೇ ಬಿಡುತ್ತದೆ. ಆಯಿಲ್ ಕೂಲರ್ ಕೆಲಸ ಮಾಡಿಸುವಾಗ ಇದನ್ನೂ ಒಟ್ಟಿಗೆ ಮಾಡಿಸಿ, ಎರಡು ಸಲ ಬಿಚ್ಚುವ ಕೂಲಿ ಉಳಿಯುತ್ತದೆ.

ಏಳು ಗೇರಿನ ಆಟೊಮ್ಯಾಟಿಕ್ ಬಗ್ಗೆ ಒಂದೇ ಮಾತು. "ಇದರ ಆಯಿಲ್ ಬದಲಾಯಿಸೋದೇ ಬೇಡ" ಅನ್ನುವವರನ್ನು ನಂಬಬೇಡಿ. 60 ಸಾವಿರ ಕಿ.ಮೀ.ಗೊಮ್ಮೆ ಆಯಿಲ್, ಫಿಲ್ಟರ್ ಎರಡೂ ಹೊಸದಾಗಬೇಕು. ನಮ್ಮ ರೋಡ್ ಹಂಪು, ಗುಂಡಿಗಳಿಗೆ ಸಸ್ಪೆನ್ಷನ್ ಬುಷ್‌ಗಳು ಸವೆಯುವುದು ಮಾಮೂಲು. ಏರ್ ಸಸ್ಪೆನ್ಷನ್ ಇದ್ದರೆ ಮಾತ್ರ ಬೆಳಗ್ಗೆ ಸ್ಟಾರ್ಟ್ ಮಾಡುವ ಮುಂಚೆಯೇ ಹೋಗಿ ನೋಡಿ, ಒಂದು ಮೂಲೆ ತಗ್ಗಿ ನಿಂತಿದೆಯಾ ಅಂತ.

ಇನ್ನು ಖರ್ಚು. ಹೊಸದಿದ್ದಾಗ ಅರ್ಧ ಕೋಟಿಯ ಆಸುಪಾಸಿನ ಕಾರು ಇದು. ಕಾರಿನ ಬೆಲೆ ಇಳಿದಿದೆ, ಪಾರ್ಟ್ಸ್ ಬೆಲೆ ಇಳಿದಿಲ್ಲ. ಎಂಜಿನ್ ಆಯಿಲ್ಲೇ ಒಂದು ಸಲಕ್ಕೆ ಎಂಟು ಲೀಟರ್ ಹತ್ತಿರ ಬೇಕು, ಅದೂ ಮರ್ಸಿಡಿಸ್ ಹೇಳುವ 229.51 ದರ್ಜೆಯದು. ಮೊದಲ ವರ್ಷಕ್ಕೆ ಅಂತ ಕನಿಷ್ಠ 2 ಲಕ್ಷ ಪಕ್ಕಕ್ಕಿಡಿ. ಅದು ಕೈಯಲ್ಲಿ ಇಲ್ಲದಿದ್ದರೆ ಸುಮ್ನೆ ಈ ಆಸೆ ಮುಂದಕ್ಕೆ ಹಾಕಿ. ಫಿಲ್ಟರ್, ಬ್ರೇಕ್ ಪ್ಯಾಡ್ ಥರದ್ದಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಯ ಪಾರ್ಟ್ಸ್ ಅಂಗಡಿಗಳಲ್ಲಿ ವಿಚಾರಿಸಿ. ಮೂಲ ಕಂಪನಿಗೇ ಮಾಡಿಕೊಡುವ ಜರ್ಮನ್ ಬ್ರ್ಯಾಂಡಿನ ಮಾಲು ಸಿಕ್ಕರೆ ಸಾಕು, ಡಬ್ಬಿ ಮೇಲೆ ಮರ್ಸಿಡಿಸ್ ನಕ್ಷತ್ರ ಇರಲೇಬೇಕೆಂದಿಲ್ಲ.

ನೀವು ಬೆಲೆ ವಿಚಾರದಲ್ಲಿ ಆರ್‌ಸಿ ಮಾತೇ ಎತ್ತಿಲ್ಲ. 2011ರ ಕಾರಿಗೆ 2026ರಲ್ಲಿ 15 ವರ್ಷ ತುಂಬುತ್ತದೆ. ಆಮೇಲೆ ಆರ್‌ಟಿಒದಲ್ಲಿ ಗಾಡಿ ತೋರಿಸಿ ಐದು ವರ್ಷಕ್ಕೆ ನವೀಕರಿಸಬೇಕು, ಗ್ರೀನ್ ಟ್ಯಾಕ್ಸ್ (ಹಳೆಯ ಗಾಡಿಗೆ ಹಾಕುವ ಪರಿಸರ ತೆರಿಗೆ) ಕಟ್ಟಬೇಕು. ಇಷ್ಟು ಹಳೆಯ ಗಾಡಿಗೆ ಸಾಲ ಸಿಗುವುದೂ ಕಷ್ಟ. ಚೌಕಾಸಿಗೆ ನಿಮ್ಮ ಕೈಯಲ್ಲಿರುವ ದೊಡ್ಡ ಆಯುಧ ಇದೇ. ಇನ್ನು ವಿಮೆ. ಐದು ವರ್ಷ ದಾಟಿದ ಕಾರಿನ ಐಡಿವಿ (ವಿಮೆಗೆ ಕಟ್ಟುವ ಕಾರಿನ ಬೆಲೆ) ನಿಮ್ಮ ಮತ್ತು ವಿಮಾ ಕಂಪನಿಯ ನಡುವೆ ಮಾತಾಡಿ ಒಪ್ಪಿಕೊಳ್ಳುವ ಮೊತ್ತ. ಅವರು ಹೇಳಿದ್ದಕ್ಕೆ ತಲೆಯಾಡಿಸಬೇಡಿ.

ಡೆಲ್ಲಿ ಕಾರು ಇನ್ನೂ ಅಗ್ಗಕ್ಕೆ ಸಿಗುತ್ತೆ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಅಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗಳಿಗೆ 2015ರಲ್ಲಿ ಎನ್‌ಜಿಟಿ (ರಾಷ್ಟ್ರೀಯ ಹಸಿರು ನ್ಯಾಯಮಂಡಳಿ) ನಿರ್ಬಂಧ ಹಾಕಿದ ಮೇಲೆ ಬೆಲೆ ಬಿದ್ದದ್ದು ನಿಜ. ಆದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಬೇಕು, ಕೆಎ ನಂಬರಿಗೆ ಮತ್ತೆ ಲೈಫ್ ಟ್ಯಾಕ್ಸ್ ಕಟ್ಟಬೇಕು. ಅದನ್ನೂ ಸೇರಿಸಿ ಲೆಕ್ಕ ಹಾಕಿ ನೋಡಿ, ಉಳಿತಾಯ ಎಷ್ಟು ಅಂತ ತಿಳಿಯುತ್ತದೆ.

ನಾನಾಗಿದ್ದರೆ ಮೊದಲು ಸರ್ವಿಸ್ ಫೈಲ್ ಕೇಳುತ್ತಿದ್ದೆ. ಆಮೇಲೆ ಕ್ಸೆಂಟ್ರಿ (ಮರ್ಸಿಡಿಸ್‌ನದೇ ದೋಷ ಪತ್ತೆಯ) ಸ್ಕ್ಯಾನರ್ ಇರುವ, ಮಾರುವವರಿಗೆ ಪರಿಚಯ ಇಲ್ಲದ ಗ್ಯಾರೇಜಿನಲ್ಲಿ ತೋರಿಸುತ್ತಿದ್ದೆ. ಫೈಲ್ ಪೂರ್ತಿ ಇದ್ದು ಕೂಲರ್ ಸೀಲು ಆಗಿದ್ದರೆ 7ಕ್ಕೆ ಮಾತಾಡಿ. ಸೀಲು ಆಗಿಲ್ಲ ಅಂದರೆ 6ರಿಂದ ಶುರು ಮಾಡಿ. ಫೈಲೇ ಇಲ್ಲ ಅಂದರೆ ಬೇರೆ ಕಾರು ನೋಡಿ.