ಅಪ್ಪನ ಜನತಾ ರಿಪೇರಿ ಮಾಡಿಸಲಾ, ಇಲ್ಲ ಸಾವಿರ ರೂಪಾಯಿಯ ಕ್ಯಾಸಿಯೋ ತಗೊಳ್ಳಲಾ?

ಸಿರಾಗೇಟ್:

ಎಲ್ಲರಿಗೂ ನಮಸ್ಕಾರ. ವಾಚಿನ ವಿಷಯದಲ್ಲಿ ನಾನು ಪೂರಾ ಹೊಸಬ. ಊರು ತುಮಕೂರು. ಹೋದ ವಾರ ಅಟ್ಟ ಗುಡಿಸುವಾಗ ಹಳೇ ಕನ್ನಡಕದ ಡಬ್ಬಿಯೊಂದರಲ್ಲಿ ಅಪ್ಪನ ಎಚ್‌ಎಂಟಿ ಜನತಾ ಸಿಕ್ಕಿತು. ಬಿಳಿ ಡಯಲ್ಲು ಕೆನೆಬಣ್ಣಕ್ಕೆ ತಿರುಗಿದೆ. ಗ್ಲಾಸಿನ ತುಂಬಾ ಗೀರು. ಕೀ ಕೊಟ್ಟರೆ ಐದು ನಿಮಿಷ ಓಡಿ ನಿಲ್ಲುತ್ತದೆ. ಅಲ್ಲಾಡಿಸಿದರೆ ಇನ್ನೆರಡು ನಿಮಿಷ. ಮದುವೆಯಲ್ಲಿ ಮಾವನ ಮನೆಯವರು ಕೊಟ್ಟಿದ್ದಂತೆ. "ಸೈಕಲ್ ಕೊಡ್ತೀವಿ ಅಂದಿದ್ರು, ವಾಚು ಕೊಟ್ಟು ಸುಮ್ನಾದ್ರು" ಅಂತ ಅಪ್ಪ ಇವತ್ತಿಗೂ ಅಮ್ಮನನ್ನು ರೇಗಿಸುತ್ತಾರೆ.

ನನ್ನ ಬಜೆಟ್ 2,500 ರೂಪಾಯಿ. ದಿನಾ ಬೈಕಿನಲ್ಲಿ ಆಫೀಸಿಗೆ ಹೋಗುವಾಗ ಕಟ್ಟಿಕೊಳ್ಳಲು ಒಂದು ವಾಚು ಬೇಕು, ಅಷ್ಟೇ. ಇದನ್ನೇ ರಿಪೇರಿ ಮಾಡಿಸುವುದು ಲಾಭವಾ? ಆನ್‌ಲೈನಿನಲ್ಲಿ ಇದೇ ಜನತಾ ಕಿತ್ತಳೆ ಡಯಲ್ಲಿನಲ್ಲಿ, ಫಳಫಳ ಹೊಳೆಯುವುದು, 1,400ಕ್ಕೆ ಇದೆ. ನೋಡಿದರೆ ಆಸೆಯಾಗುತ್ತದೆ. ಗೆಳೆಯ ಮಾತ್ರ ಕಣ್ಣು ಮುಚ್ಚಿ ಕ್ಯಾಸಿಯೋ ತಗೋ ಅನ್ನುತ್ತಾನೆ. ಯಾವುದು ಸರಿ?

ಬಸ್‌ಪಾಸ್:

ಫೋನ್ ಇದೆಯಲ್ಲ ಗುರೂ. ಅಷ್ಟೂ ಬೇಕೆಂದರೆ ಅದೇ ದುಡ್ಡಿಗೆ ಫಿಟ್‌ನೆಸ್ ಬ್ಯಾಂಡ್ ಬರುತ್ತದೆ. ಹೆಜ್ಜೆ ಎಣಿಸುತ್ತದೆ, ನಿದ್ದೆ ಎಣಿಸುತ್ತದೆ, ಕರೆ ಬಂದರೆ ನಡುಗುತ್ತದೆ. ಐದು ನಿಮಿಷ ಓಡುವ ವಾಚು ಕಟ್ಟಿಕೊಂಡು ಏನು ಮಾಡುತ್ತೀರಿ?

ಎಡಗೈ:

ಬಸ್‌ಪಾಸ್ ಅವರೇ, ಬ್ಯಾಂಡ್ ನನ್ನ ಹತ್ತಿರವೂ ಇದೆ. ಚಾರ್ಜರ್ ಎಲ್ಲಿದೆ ಅಂತ ಹುಡುಕುತ್ತಿದ್ದೇನೆ, ಎಂಟು ತಿಂಗಳಿಂದ.

ಸಿರಾಗೇಟ್, ಮೊದಲು ಆ ವಾಚಿಗೆ ಕೀ ಕೊಡುವುದು ನಿಲ್ಲಿಸಿ. ಅಲ್ಲಾಡಿಸುವುದನ್ನಂತೂ ಮಾಡಲೇಬೇಡಿ. ಅದು ಕೆಟ್ಟಿರುವುದು ಅನುಮಾನ. ಒಳಗಿನ ಎಣ್ಣೆ ಒಣಗಿ ಅಂಟಾಗಿರಬೇಕು. ಎಣ್ಣೆ ಇಲ್ಲದೆ ಓಡಿಸಿದರೆ ಚಕ್ರಗಳ ತುದಿ ಸವೆಯುತ್ತದೆ. ಆಮೇಲೆ 500 ರೂಪಾಯಿಯ ಕೆಲಸ 1,500ಕ್ಕೆ ಹೋಗುತ್ತದೆ.

ನಾನು ದಾವಣಗೆರೆಯವನು, ಪಾಲಿಟೆಕ್ನಿಕ್ ವರ್ಕ್‌ಶಾಪಿನಲ್ಲಿ ಕೆಲಸ. ಎಡಚ, ಹಾಗಾಗಿ ವಾಚು ಬಲಗೈಗೆ. ಡ್ರಾಯರಿನಲ್ಲಿ ಒಂಬತ್ತು ವಾಚುಗಳಿವೆ. ಹೆಂಡತಿಯ ಲೆಕ್ಕದಲ್ಲಿ ನಾಲ್ಕು. ಒಂಬತ್ತೂ ಸೇರಿದರೆ ಒಂದು ಸಾಧಾರಣ ಫೋನಿನ ಬೆಲೆ ಆಗುವುದಿಲ್ಲ. ಅದರಲ್ಲಿ ಎರಡು ಜನತಾ, ಒಂದು ಪೈಲಟ್, ಅದೂ ಎಚ್‌ಎಂಟಿಯದೇ. ಆದ್ದರಿಂದ ನನ್ನ ಮಾತಿನಲ್ಲಿ ಪಕ್ಷಪಾತ ಇರುತ್ತದೆ, ಸ್ವಲ್ಪ ಕಳೆದು ಓದಿಕೊಳ್ಳಿ.

ಎಚ್‌ಎಂಟಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರು ಮಾಡಿದ್ದು 1961ರಲ್ಲಿ, ಜಪಾನಿನ ಸಿಟಿಜನ್ ಕಂಪನಿಯ ಕೈಹಿಡಿದು. ನಿಮ್ಮ ಡಯಲ್ಲಿನ ಮೇಲೆ ಪ್ಯಾರಾಶಾಕ್ ಅಂತ ಇದೆಯಾ ನೋಡಿ. ಅದು ಸಿಟಿಜನ್‌ನವರ ಪದ. ವಾಚು ಕೆಳಗೆ ಬಿದ್ದಾಗ ಬ್ಯಾಲೆನ್ಸ್ ಚಕ್ರದ, ಅಂದರೆ ಅತ್ತಿತ್ತ ಆಡುತ್ತಾ ವೇಗ ಹಿಡಿದಿಡುವ ಚಕ್ರದ, ಕೂದಲೆಳೆಯಂಥ ತುದಿ ಮುರಿಯದಂತೆ ಅದರ ಹರಳನ್ನು ಒಂದು ಪುಟ್ಟ ಸ್ಪ್ರಿಂಗ್ ಹಿಡಿದಿರುತ್ತದೆ. 17 ಜ್ಯುವೆಲ್ಸ್ ಅಂದರೆ ಅಂಥ ಹರಳುಗಳೇ, ಸವೆತ ಕಡಿಮೆ ಮಾಡಲು. ನಮ್ಮ ದೊಡ್ಡಪ್ಪ ಅದನ್ನು ನಿಜವಾದ ಮಾಣಿಕ್ಯ ಅಂತಲೇ ನಂಬಿದ್ದರು. ಸಾಲ ಬೇಕಾದಾಗಲೆಲ್ಲ ವಾಚಿನ ಕಡೆ ನೋಡಿಕೊಳ್ಳುತ್ತಿದ್ದರು. ಕಾರ್ಖಾನೆಯಲ್ಲಿ ಮಾಡಿದ ಮಾಣಿಕ್ಯ ಅದು, ಮಾರಿದರೆ ಬೋಂಡ ಸೂಪೂ ಬರುವುದಿಲ್ಲ.

ನಿಮ್ಮೂರಿನಲ್ಲೂ ಎಚ್‌ಎಂಟಿ ವಾಚಿನ ಫ್ಯಾಕ್ಟರಿ ಇತ್ತಲ್ವಾ. ಈಗ ಆ ಜಾಗ ಇಸ್ರೋಗೆ ಹೋಗಿದೆ. ವಾಚಿನ ಕಂಪನಿಯನ್ನು ಮುಚ್ಚುವ ತೀರ್ಮಾನ 2016ರಲ್ಲಿ ಆಯಿತು. ಯಾವಾಗಲಾದರೂ ಬೆಂಗಳೂರಿಗೆ ಹೋದರೆ ಜಾಲಹಳ್ಳಿಯ ಎಚ್‌ಎಂಟಿ ಮ್ಯೂಸಿಯಂಗೆ ಒಂದು ಅರ್ಧ ದಿನ ಇಟ್ಟುಕೊಳ್ಳಿ. ನಾನು ಒಂದು ಗಂಟೆ ಅಂತ ಹೋಗಿ ಊಟ ತಪ್ಪಿಸಿಕೊಂಡೆ.

ಆ ಕಿತ್ತಳೆ ಡಯಲ್ಲಿನ ಮಾತಿಗೆ ಬರೋಣ. ತಗೋಬೇಡಿ. ಇಂಥವಕ್ಕೆ ವಾಚಿನ ಹುಚ್ಚರು ಮುಂಬೈ ಸ್ಪೆಷಲ್ ಅನ್ನುತ್ತಾರೆ. ನಾಲ್ಕಾರು ಸತ್ತ ವಾಚುಗಳ ಭಾಗ ಸೇರಿಸಿ, ಡಯಲ್ಲಿಗೆ ಹೊಸ ಬಣ್ಣ ಬಳಿದು, ಕೇಸಿಗೆ ಪಾಲಿಶ್ ಹೊಡೆದಿರುತ್ತಾರೆ. ನಾನೂ ಒಮ್ಮೆ ನೇರಳೆ ಬಣ್ಣದ್ದಕ್ಕೆ ಮರುಳಾದವನು. ಬಂದ ದಿನವೇ ಭೂತಗನ್ನಡಿ ಹಿಡಿದು ನೋಡಿದೆ. ಅಕ್ಷರದ ಅಂಚೆಲ್ಲ ಮಳೆಗೆ ಸಿಕ್ಕ ಇಂಕಿನಂತೆ ಹರಡಿತ್ತು. ನಿಮಿಷದ ಗೆರೆಗಳು 12ರ ಹತ್ತಿರ ಸರಿಯಾಗಿ ಕೂಡಿರಲಿಲ್ಲ. ಸೆಕೆಂಡ್ ಮುಳ್ಳು ಗೆರೆಯವರೆಗೆ ತಲುಪುತ್ತಲೇ ಇರಲಿಲ್ಲ, ಬೇರೆ ಯಾವುದೋ ವಾಚಿನದ್ದು. ಆ ಫಳಫಳಕ್ಕಿಂತ ನಿಮ್ಮ ಕೆನೆಬಣ್ಣದ ಡಯಲ್ಲು ಹತ್ತು ಪಾಲು ವಾಸಿ. ಅದನ್ನು ಯಾರಿಗೂ ಉಜ್ಜಲು, ಹೊಸದಾಗಿ ಬಳಿಯಲು ಬಿಡಬೇಡಿ.

ಗ್ಲಾಸನ್ನು ಮಾತ್ರ ನೀವೇ ಸರಿ ಮಾಡಬಹುದು. ಜನತಾದ್ದು ಗಾಜಲ್ಲ, ಅಕ್ರಿಲಿಕ್. ಬಿಳಿ ಟೂತ್‌ಪೇಸ್ಟ್ ಸಾಕು, ಜೆಲ್ ಬೇಡ. ಹಳೇ ಬನಿಯನ್ನಿನ ತುಂಡಿಗೆ ಕಡಲೆಕಾಳಿನಷ್ಟು ಹಾಕಿಕೊಂಡು, ಹೆಬ್ಬೆರಳಿನಿಂದ ಸಣ್ಣ ಸಣ್ಣ ಸುತ್ತು ಹಾಕುತ್ತಾ ಉಜ್ಜಿ. ಕೀ ಇರುವ ಕಡೆ ಪೇಸ್ಟ್ ಇಳಿಯದಂತೆ ಟೇಪ್ ಅಂಟಿಸಿ. ಮೊದಲ ಎರಡು ನಿಮಿಷ ಗ್ಲಾಸು ಇನ್ನೂ ಮಂಜಾಗುತ್ತದೆ, ಹಾಳು ಮಾಡಿದೆನಲ್ಲಾ ಅಂತ ಕೈ ನಿಂತುಬಿಡುತ್ತದೆ. ನಿಲ್ಲಿಸಬೇಡಿ. ಎಂಟು ಹತ್ತು ನಿಮಿಷಕ್ಕೆ ಆ ಮಂಜು ಕರಗಿ ಕೆಳಗಿನ ಅಂಕಿ ಮೇಲೆದ್ದು ಬಂದಂತೆ ಕಾಣುತ್ತದೆ. ಆಳವಾದ ಗೀರು ಹೋಗುವುದಿಲ್ಲ, ಇರಲಿ ಬಿಡಿ. ನಾನು ಭಾನುವಾರ ಬೆಳಿಗ್ಗೆ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವ ಹೊತ್ತಿಗೆ ಈ ಕೆಲಸಕ್ಕೆ ಕೂರುತ್ತೇನೆ. ಎರಡೂ ಒಟ್ಟಿಗೆ ಮುಗಿಯುತ್ತವೆ.

ರಿಪೇರಿಯವರ ಹತ್ತಿರ ಹೋದಾಗ ಸರ್ವಿಸ್ ಮಾಡಿ ಅಂತಷ್ಟೇ ಹೇಳಬೇಡಿ. ಪೂರ್ತಿ ಬಿಚ್ಚಿ, ತೊಳೆದು, ಎಣ್ಣೆ ಹಾಕುತ್ತೀರಾ ಅಂತ ಕೇಳಿ. ಕೆಲವರು ಮಷಿನ್ನನ್ನು ಇಡಿಯಾಗಿ ಪೆಟ್ರೋಲಿಗೆ ಅದ್ದಿ, ಒಣಗಿಸಿ ಕೊಟ್ಟುಬಿಡುತ್ತಾರೆ. ಎರಡು ತಿಂಗಳು ಚೆನ್ನಾಗಿ ಓಡಿ ಮತ್ತೆ ಅದೇ ಕಥೆ.

ಕ್ಯಾಸಿಯೋದ ಡಿಜಿಟಲ್ ವಾಚು ಎಫ್-91ಡಬ್ಲ್ಯೂ ನನ್ನ ಹತ್ತಿರವೂ ಇದೆ. 21 ಗ್ರಾಂ ತೂಕ, ಕಟ್ಟಿಕೊಂಡಿದ್ದೇ ಮರೆತುಹೋಗುತ್ತದೆ. ಬ್ಯಾಟರಿ ಏಳು ವರ್ಷ, ತಿಂಗಳಿಗೆ 30 ಸೆಕೆಂಡಿನ ಒಳಗೆ ಹಿಂದೆ ಮುಂದೆ ಅಂತ ಕಂಪನಿಯೇ ಹೇಳುತ್ತದೆ. ಒಳಗೆ ಒಂದು ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಇದೇನು ವಿಚಿತ್ರ ಸಂಖ್ಯೆ ಅನ್ನಬೇಡಿ, 15 ಸಲ ಅರ್ಧ ಮಾಡುತ್ತಾ ಹೋಗಿ, ಸರಿಯಾಗಿ 1 ಉಳಿಯುತ್ತದೆ. ನಿಮ್ಮಪ್ಪನ ಜನತಾ ಸೆಕೆಂಡಿಗೆ ಐದೇ ಸಲ ಟಿಕ್ ಅನ್ನುವುದು. ಲೆಕ್ಕಕ್ಕೆ ಇಳಿದರೆ ಕ್ಯಾಸಿಯೋ ಎದುರು ಜನತಾ ನಿಲ್ಲುವುದೇ ಇಲ್ಲ. ಆದರೆ ಆ ಐದನ್ನು ದಿಂಬಿನ ಕೆಳಗಿಟ್ಟು ಕೇಳಬಹುದು.

ಒಂದು ತಮಾಷೆ ಹೇಳಬೇಕು. ಎಫ್-91ಡಬ್ಲ್ಯೂಗೆ ಇಸವಿ ಗೊತ್ತಿಲ್ಲ. ಫೆಬ್ರವರಿ ಅಂದರೆ ಯಾವಾಗಲೂ 28. 2024ರ ಫೆಬ್ರವರಿ 29ರಂದು ನಾನು ಅದನ್ನು ನೋಡಿಕೊಂಡು ಇಡೀ ಕ್ಲಾಸಿನ ಹಾಜರಿಯನ್ನು ಮಾರ್ಚ್ 1ಕ್ಕೆ ಹಾಕಿದ್ದೆ. ಹುಡುಗರು ಒಬ್ಬರೂ ಬಾಯಿ ಬಿಡಲಿಲ್ಲ.

ನನ್ನ ಲೆಕ್ಕ ಇಷ್ಟೇ. ಜನತಾ ಸರಿ ಮಾಡಿಸಿ, ಉಳಿದ ದುಡ್ಡಿಗೆ ಕ್ಯಾಸಿಯೋ ತಗೊಳ್ಳಿ. ಮಳೆಗೂ ಬೈಕಿಗೂ ಕ್ಯಾಸಿಯೋ. ಜನತಾಗೆ ನೀರು ತೋರಿಸಬೇಡಿ, ಕೈ ತೊಳೆಯುವಾಗಲೂ ಬಿಚ್ಚಿಡಿ.

ರಾತ್ರಿಪಾಳಿ:

ನಾನು ನರ್ಸ್. ಮೇಲಿನವರು ಹೇಳಿದ್ದಕ್ಕೆ ಒಂದು ತಕರಾರು. ಡಿಜಿಟಲ್ ಎಲ್ಲಾ ಕಡೆ ಆಗುವುದಿಲ್ಲ. ನಾಡಿ ಎಣಿಸುವಾಗ ನನಗೆ ಓಡುವ ಮುಳ್ಳು ಬೇಕು. ಮುಳ್ಳು 12ರಿಂದ 6ಕ್ಕೆ ಬರುವವರೆಗೆ ಎಣಿಸಿ, ಎರಡರಿಂದ ಗುಣಿಸಿದರೆ ಆಯಿತು. ಅಂಕಿ ನೋಡುತ್ತಾ ಎಣಿಸಿದರೆ ಬಾಯಲ್ಲಿನ ಲೆಕ್ಕವೂ ವಾಚಿನ ಲೆಕ್ಕವೂ ಕಲೆಸಿಹೋಗುತ್ತದೆ. 36, 37 ಅಂತ ಯಾವುದನ್ನು ಹೇಳುತ್ತಿದ್ದೇನೆ ಅಂತ ನನಗೇ ತಿಳಿಯುವುದಿಲ್ಲ. ಕ್ಯಾಸಿಯೋದಲ್ಲೇ ಎಂಕ್ಯೂ-24 ಅಂತ ಇದೆ, ಮೂರು ಮುಳ್ಳು, ದೊಡ್ಡ ಅಂಕಿ, ಬೇರೆ ಏನೂ ಇಲ್ಲ. ನನ್ನದು ಅದು. ವಾರ್ಡಿನಲ್ಲಿ ಕೈಗೆ ಕಟ್ಟುವಂತಿಲ್ಲ. ಬೆಲ್ಟು ಕಳಚಿ, ದಾರ ಹಾಕಿ, ಎದೆಗೆ ತಲೆಕೆಳಗಾಗಿ ಪಿನ್ ಮಾಡಿಕೊಂಡಿದ್ದೇನೆ. ಬಗ್ಗಿ ನೋಡಿದರೆ ನನಗೆ ನೇರ, ಎದುರಿನವರಿಗೆ ಉಲ್ಟಾ.

ಎಫ್-91ಡಬ್ಲ್ಯೂ ತಗೊಂಡರೆ ಮೊದಲ ದಿನವೇ ಗಂಟೆಗೊಮ್ಮೆ ಬರುವ ಬೀಪ್ ಆರಿಸಿ. ಮೊದಲು ನನ್ನ ಹತ್ತಿರ ಅದೇ ಇತ್ತು, ಜೇಬಿನಲ್ಲಿ. ಆಗ ತಾನೇ ನಿದ್ದೆ ಹತ್ತಿದ್ದ ಒಬ್ಬ ಅಜ್ಜಿ ರಾತ್ರಿ 3ಕ್ಕೆ ಎದ್ದು ಕೂತು, ಮಷಿನ್ ಏನೋ ಕೂಗಿತು, ನನಗೇನಾಯಿತು ಅಂತ ಅಳಲು ಶುರು ಮಾಡಿದರು. ಸಮಾಧಾನ ಮಾಡಲು ಅರ್ಧ ಗಂಟೆ, ಒಂದು ಫ್ಲಾಸ್ಕ್ ಚಹಾ ಹೋಯಿತು.

ಸಿರಾಗೇಟ್:

ಎಲ್ಲರಿಗೂ ಥ್ಯಾಂಕ್ಸ್. ಕಿತ್ತಳೆ ಕೈಬಿಟ್ಟೆ. ಟೂತ್‌ಪೇಸ್ಟ್ ಮಾಡಿದೆ, ಎರಡನೇ ನಿಮಿಷಕ್ಕೆ ನಿಜವಾಗಿಯೂ ಜೀವ ಬಾಯಿಗೆ ಬಂದಿತ್ತು. ಈಗ ಡಯಲ್ಲಿನ ಅಕ್ಷರ ಓದಲು ಬರುತ್ತದೆ, ಪ್ಯಾರಾಶಾಕ್ ಇದೆ! ನಾಳೆ ರಿಪೇರಿಗೆ ಕೊಡುತ್ತೇನೆ. ಕೊಂಡುಹೋಗುವವರೆಗೆ ಎಲ್ಲಿಡಲಿ? ಸದ್ಯ ಟೇಬಲ್ ಮೇಲೆ ಬ್ಲೂಟೂತ್ ಸ್ಪೀಕರ್ ಪಕ್ಕದಲ್ಲಿದೆ.

ಎಡಗೈ:

ಅಯ್ಯೋ, ಮೊದಲು ಅಲ್ಲಿಂದ ತೆಗೀರಿ. ನನ್ನ ಪೈಲಟ್ ಒಮ್ಮೆ ದಿನಕ್ಕೆ ಹತ್ತು ನಿಮಿಷ ಮುಂದೆ ಓಡಲು ಶುರು ಮಾಡಿತು. ನಾನು ವಾಚನ್ನೇ ಬೈದೆ. ರಿಪೇರಿಯವರು ಅದನ್ನು ಬಿಚ್ಚಲೂ ಇಲ್ಲ. ಮಕ್ಕಳ ಆಟದ ದಿಕ್ಸೂಚಿಯೊಂದನ್ನು ಹತ್ತಿರ ತಂದರು, ಅದರ ಮುಳ್ಳು ಗಿರ್ರನೆ ವಾಚಿನ ಕಡೆ ತಿರುಗಿತು. ಸ್ಪೀಕರಿನ ಮೇಲೆ ಇಡ್ತೀರಾ ಅಂತ ಕೇಳಿದರು. ಆಯಸ್ಕಾಂತ ಹಿಡಿದರೆ ಬ್ಯಾಲೆನ್ಸ್ ಚಕ್ರವನ್ನು ಆಡಿಸುವ ಕೂದಲೆಳೆಯಂಥ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸ್ಪ್ರಿಂಗ್ ಗಿಡ್ಡವಾದ ಹಾಗೆ, ಚಕ್ರ ಅವಸರ ಮಾಡುತ್ತದೆ. ಆಯಸ್ಕಾಂತ ಬಿಡಿಸುವ, ತಂತಿ ಸುರುಳಿಯ ಡಬ್ಬಿಯೊಂದರ ಮೇಲೆ ವಾಚು ಹಿಡಿದು, ಬಟನ್ ಒತ್ತಿ, ನಿಧಾನ ಮೇಲಕ್ಕೆ ಎಳೆದರು. ಒಂದು ನಿಮಿಷದ ಕೆಲಸ. ದುಡ್ಡು ಬೇಡ ಅಂದರು, ಇನ್ಮೇಲೆ ವಾಚಿಗೆ ಬೈಬೇಡಿ ಅಂದರು.

ಸಿರಾಗೇಟ್:

ಹತ್ತು ದಿನದ ನಂತರ ಬಂದು ಬರೆಯುತ್ತಿದ್ದೇನೆ. ಪೂರ್ತಿ ಬಿಚ್ಚಿ ತೊಳೆದರು, 550 ಆಯಿತು. ಚೆನ್ನಾಗಿ ಓಡುತ್ತಿದೆ. ತೊಂದರೆ ಏನೆಂದರೆ ವಾಚು ನನ್ನ ಹತ್ತಿರ ಇಲ್ಲ. ಮನೆಗೆ ತಂದ ಸಂಜೆ ಅಪ್ಪ ಸುಮ್ನೆ ನೋಡ್ತೀನಿ ಕೊಡು ಅಂದರು. ಕಿವಿಯ ಹತ್ತಿರ ಹಿಡಿದರು, ಕಟ್ಟಿಕೊಂಡರು, ಮುಗಿಯಿತು. ಹಿಂದೆ ಅವರು ಬೆಳಿಗ್ಗೆ 6.55ಕ್ಕೆ ರೇಡಿಯೋದಲ್ಲಿ ಸಂಸ್ಕೃತ ವಾರ್ತೆ ಬರುವಾಗ ಕೀ ಕೊಡುತ್ತಿದ್ದರಂತೆ. ಈಗ ರೇಡಿಯೋ ಇಲ್ಲ, ಆದರೂ ಅದೇ ಹೊತ್ತಿಗೆ ಹಾಲ್‌ನಲ್ಲಿ ಕರ್ ಕರ್ ಸದ್ದು ಬರುತ್ತದೆ.

ಹಾಗಾಗಿ ನಾನು ಎಫ್-91ಡಬ್ಲ್ಯೂ ತಗೊಂಡೆ. ಬೀಪ್ ಆರಿಸಿದ್ದೇನೆ. ಈಗ ಹೊಸ ಸಮಸ್ಯೆ. ದಿನಾ ತಿಂಡಿ ಹೊತ್ತಿಗೆ ಅಪ್ಪ ಎರಡನ್ನೂ ಪಕ್ಕ ಪಕ್ಕ ಇಟ್ಟು, "ನಿಂದು 12 ಸೆಕೆಂಡ್ ಹಿಂದೆ ಇದೆ" ಅನ್ನುತ್ತಾರೆ. ಫೋನಿನ ಟೈಮ್ ತೋರಿಸಿದೆ. ಫೋನೂ ಹಿಂದೆ ಇದೆ ಅಂದರು.

ಎಡಗೈ:

ಮನೆ ಟೈಮ್ ಯಾವುದು ಅಂತ ತೀರ್ಮಾನ ಆಯಿತಲ್ಲ, ಹೊಂದಿಕೊಳ್ಳಿ. ಎಡಗಡೆ ಕೆಳಗಿನ ಬಟನ್ ಮೂರು ಸಲ ಒತ್ತಿ, ಸೆಕೆಂಡ್ ಮಿಣುಕುತ್ತದೆ. ಅಪ್ಪನ ಸೆಕೆಂಡ್ ಮುಳ್ಳು 12ಕ್ಕೆ ಬಂದ ಕ್ಷಣ ಬಲಗಡೆ ಬಟನ್ ಒತ್ತಿ. ನಿಮ್ಮದು ಆಗ 48ರಲ್ಲಿ ಇರುತ್ತದೆ, ತಾನಾಗೇ ಮುಂದಿನ ನಿಮಿಷದ ಸೊನ್ನೆಗೆ ಹಾರುತ್ತದೆ. ಆಮೇಲೆ ಎಡಗಡೆ ಕೆಳಗಿನ ಬಟನ್ ಇನ್ನೊಂದು ಸಲ. ನಾಳೆಗೆ ಜನತಾ ಮತ್ತೆ ಮುಂದೆ ಹೋಗಿರುತ್ತದೆ, ತಿಂಡಿಗೆ ಮೊದಲು ಇನ್ನೊಮ್ಮೆ ಮಾಡಿ.