ಪದಚರ್ಚೆ: ‘ಇಂಪಲ್ಸ್’ ಅಂದರೆ ದುಡುಕೇ? ‘ಬೇಜಾರು’ ಅಂದರೆ ಏನೇನು?

ಬಲ್ಲವರಿಗೆ ನಮಸ್ಕಾರ.

ಕಾಲೇಜು ವಿದ್ಯಾರ್ಥಿಗಳಿಗಾಗಿ ಒಂದು ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಪರ್ಸನಾಲಿಟಿ ಡಿಸಾರ್ಡರ್ (ಯೋಚಿಸುವ, ವರ್ತಿಸುವ ರೀತಿಯೇ ಬದುಕಿಗೆ ತೊಡಕಾಗುವ ಮಾನಸಿಕ ತೊಂದರೆ) ಲಕ್ಷಣ ಇರುವವರು ತಮ್ಮ ಭಾವನೆಯನ್ನು ಎಷ್ಟು ಗುರುತಿಸುತ್ತಾರೆ, ಅನಿಸಿದ್ದನ್ನು ಮಾಡದೆ ಎಷ್ಟು ತಡೆದುಕೊಳ್ಳುತ್ತಾರೆ ಎಂಬುದು ವಿಷಯ.

‘ಇಂಪಲ್ಸ್’ಗೆ, ಅಂದರೆ ಯೋಚಿಸುವ ಮುಂಚೆಯೇ ಏನೋ ಮಾಡಿಬಿಡಬೇಕು ಅನ್ನಿಸುವುದಕ್ಕೆ, ‘ಆವೇಗ’ ಎಂದರೆ ವಿಜ್ಞಾನದ ಹುಡುಗರಿಗೆ ಭೌತಶಾಸ್ತ್ರದ ಪಾಠ ನೆನಪಾಗುತ್ತದೆ. ‘ಪ್ರಚೋದನೆ’ ಎಂದರೆ ಬೇರೆ ಯಾರೋ ಕೆಣಕಿದ ಹಾಗೆ. ‘ಆತುರಗಾರನಿಗೆ ಬುದ್ಧಿ ಮಟ್ಟ’ ಅನ್ನುತ್ತೇವೆ, ಆದರೆ ಆತುರದವನಿಗೆ ಏನೋ ಒಂದು ಬೇಗ ಆಗಬೇಕಿರುತ್ತದೆ; ಇಂಪಲ್ಸ್‌ಗೆ ಒಳಗಾದವರಿಗೆ ಹಾಗೇನೂ ಇರುವುದಿಲ್ಲ. ನನಗೆ ಹಿಡಿಸಿದ್ದು ‘ದುಡುಕು’. ತೊಡಕೆಂದರೆ, ದುಡುಕಿದ್ದು ಗೊತ್ತಾಗುವುದು ಫೋನು ಗೋಡೆಗೆ ಬಡಿದ ಮೇಲೆ. ಎಸೆಯುವ ಮುಂಚೆ ಕೈಗೆ ಬರುವ ಆ ನೂಕಿಗೆ ಏನನ್ನೋಣ? ‘ತುಡಿತ’ವನ್ನು ಕವಿಗಳು ಒಳ್ಳೆಯ ಕೆಲಸಗಳಿಗೇ ಮೀಸಲಿಟ್ಟುಬಿಟ್ಟಿದ್ದಾರೆ. ಇನ್ನು ಇಂಪಲ್ಸಿವ್ ಸ್ವಭಾವವನ್ನು ಅಳೆಯುವ 30 ಹೇಳಿಕೆಗಳ ಬ್ಯಾರಟ್ ಮಾಪನದಲ್ಲಿ ಗಮನ ನಿಲ್ಲದಿರುವುದು, ಯೋಚಿಸದೆ ಕೈ ಮುಂದಾಗುವುದು, ಮುಂದಾಲೋಚನೆ ಇಲ್ಲದಿರುವುದು, ಮೂರೂ ಇದರಡಿಯೇ ಬರುತ್ತವೆ. ದುಡುಕು ನಡುವಿನದಕ್ಕೆ ಮಾತ್ರ ಒಪ್ಪುತ್ತದೆ.

ಅದಕ್ಕಿಂತ ಕಗ್ಗಂಟು ‘ಅಲೆಕ್ಸಿಥೈಮಿಯ’, ಅಂದರೆ ತನ್ನ ಭಾವನೆಯನ್ನು ತಾನೇ ಗುರುತಿಸಿ ಹೇಳಲಾಗದಿರುವುದು. ಗ್ರೀಕ್ ಮೂಲದಲ್ಲಿ ‘ಭಾವಕ್ಕೆ ಮಾತಿಲ್ಲ’ ಎಂದರ್ಥ. ಮನೋವೈದ್ಯ ಪೀಟರ್ ಸಿಫ್ನಿಯೊಸ್ 1970ರ ದಶಕದಲ್ಲಿ ಕಟ್ಟಿದ ಪದ. ಕರಡನ್ನು ಪರಿಚಯದ ಹುಡುಗಿಯೊಬ್ಬಳಿಗೆ ಕೊಟ್ಟಿದ್ದೆ. ಗೆಳತಿ ಮಾತು ಬಿಟ್ಟಾಗ ಬೇಜಾರು, ಅಪ್ಪ ಬೈದಾಗ ಬೇಜಾರು, ಕ್ಲಾಸು ಎಳೆದಾಗಲೂ ಬೇಜಾರು ಎಂದು ಬರೆದಳು. ದುಃಖ, ಅವಮಾನ, ಬೇಸರ ಮೂರಕ್ಕೂ ಒಂದೇ ಪದ. ಅವಳಿಗೆ ಭಾವನೆ ಗುರುತಿಸಲು ಬರುವುದಿಲ್ಲವೋ, ನಾವೆಲ್ಲ ಮಾಡುವುದನ್ನೇ ಅವಳೂ ಮಾಡಿದಳೋ? ಎದುರು ಕೂರಿಸಿ ಕೇಳಿದರೆ, “ಅಪ್ಪ ಬೈದ್ರೆ ಹೊಟ್ಟೇಲಿ ಏನೋ ಕಿವುಚಿದಂಗಾಗುತ್ತೆ, ಅವ್ಳು ಮಾತಾಡ್ಲಿಲ್ಲ ಅಂದ್ರೆ ಎದೆ ಭಾರ” ಅಂದಳು. ಎಷ್ಟು ಸ್ಪಷ್ಟ! ಆದರೆ ಅಲೆಕ್ಸಿಥೈಮಿಯ ಅಳೆಯುವ 20 ಹೇಳಿಕೆಗಳ ಟೊರಾಂಟೊ ಮಾಪನದಲ್ಲಿ ಮೈಯಲ್ಲಾಗುವುದನ್ನೂ ಭಾವನೆಯನ್ನೂ ಬಿಡಿಸಿ ಹೇಳಲಾಗದಿರುವುದು ಒಂದು ಕೊರತೆ. ಹೊಟ್ಟೆಕಿಚ್ಚು, ಕರುಳು ಚುರ್ ಅನ್ನುವುದು, ಎದೆ ಧಸಕ್ ಅನ್ನುವುದು ಇರುವ ಭಾಷೆಯಲ್ಲಿ ಇದನ್ನು ಹೇಗೆ ಕೇಳುವುದು? ‘ಭಾವಮೂಕತೆ’ ಎಂದು ಬರೆದು ಹೊಡೆದುಹಾಕಿದೆ. ಮೂಕನಿಗೆ ತನಗೇನಾಗುತ್ತಿದೆ ಎಂದು ಗೊತ್ತಿರುತ್ತದಲ್ಲ.

ಪರ್ಸನಾಲಿಟಿ ಡಿಸಾರ್ಡರ್‌ಗೆ ‘ವ್ಯಕ್ತಿತ್ವ ದೋಷ’ ಎನ್ನುವುದನ್ನೂ ಬೇಕೆಂದೇ ಬಿಟ್ಟಿದ್ದೇನೆ. ಕುಜದೋಷದ ಪಕ್ಕದಲ್ಲಿ ಕೂತ ಹಾಗಿದೆ. ಹದಿನೆಂಟು ತುಂಬದವರಿಗೆ ಆ ಹೆಸರು ಹಚ್ಚಲು ವೈದ್ಯರೇ ಹಿಂದುಮುಂದು ನೋಡುತ್ತಾರೆ.

ಧಾರವಾಡ, ಮಂಗಳೂರು, ಕಲಬುರಗಿ ಕಡೆಯವರು ಹೇಳಿ: ಸಿಟ್ಟು ನೆತ್ತಿಗೇರಿ ಇನ್ನೂ ಕೈ ಎತ್ತಿಲ್ಲ, ಆ ಗಳಿಗೆಗೆ ನಿಮ್ಮ ಮನೆಮಾತಿನಲ್ಲಿ ಏನಂತಾರೆ?