ಗಂಡನಿಗೆ ಆರ್ಡರ್ ಬಂದಿದೆ, ಮನೆಯಲ್ಲಿ ಅತ್ತೆ: ನನಗೆ ರಜೆ ಸಿಗುತ್ತಾ?

ಹಾಸನದ ಸೊಸೆ
ನಾವು ಟೆಕ್ಸಾಸ್‌ನಲ್ಲಿದ್ದೇವೆ. ನಮ್ಮವರು ಇಲ್ಲಿನ ಆರ್ಮಿ ರಿಸರ್ವ್‌ನಲ್ಲಿದ್ದಾರೆ, ಅಂದರೆ ಬೇಕಾದಾಗ ಕರೆಸಿಕೊಳ್ಳುವ ಮೀಸಲು ಸೇನೆ. ಮುಂದಿನ ತಿಂಗಳು ಕುವೈತ್‌ಗೆ ಹೊರಡಬೇಕು ಅಂತ ಆರ್ಡರ್ ಬಂದಿದೆ, ಒಂಬತ್ತು ತಿಂಗಳು. ಮನೆಯಲ್ಲಿ ಏಳು ವರ್ಷದ ಮಗ, ಜೊತೆಗೆ ನಮ್ಮತ್ತೆ. ಅತ್ತೆಗೆ ಲಕ್ವ ಹೊಡೆದ ಮೇಲೆ ಸ್ನಾನ, ಬಟ್ಟೆ, ಊಟ ಎಲ್ಲಕ್ಕೂ ಒಬ್ಬರು ಬೇಕು. ದಿನಾ ಬೆಳಿಗ್ಗೆ ನಮ್ಮವರೇ ಅವರಮ್ಮನಿಗೆ ಸೀರೆ ಸುತ್ತಿ, ಮಾತ್ರೆ ಡಬ್ಬಿಯಲ್ಲಿ ಆವತ್ತಿನ ಮುಚ್ಚಳ ತೆಗೆದಿಟ್ಟು ಕೆಲಸಕ್ಕೆ ಹೋಗುತ್ತಿದ್ದರು. ಮನೆಯವರ ಕಾಯಿಲೆ-ಆರೈಕೆಗೆ ಅಂತ ಅಮೆರಿಕದ ಕಾನೂನು ಕೊಡುವ ಎಫ್‌ಎಂಎಲ್‌ಎ ರಜೆ ಕೇಳಲು ಎಚ್‌ಆರ್‌ಗೆ ಫೋನ್ ಮಾಡಿದರೆ "ಎಫ್‌ಎಂಎಲ್‌ಎ ರಜೆ ಅತ್ತೆ-ಮಾವನಿಗೆ ಅನ್ವಯಿಸುವುದಿಲ್ಲ" ಎಂದು ಎರಡೇ ಮಾತಿನಲ್ಲಿ ಮುಗಿಸಿದರು. ಕೆಲಸ ಬಿಡಬೇಕಾಗುತ್ತಾ?

ಡಲ್ಲಾಸ್ ಮಾಮ
ಬಿಡಬೇಡಿ ತಂಗಿ. ಅವರು ಹೇಳಿದ್ದು ಅರ್ಧ ಸರಿ. ಮಾಮೂಲಿ ಕಾಯಿಲೆ ರಜೆಯಲ್ಲಿ ಅತ್ತೆ-ಮಾವ ಬರುವುದಿಲ್ಲ, ನಿಜ. ಆದರೆ 1993ರ ಆ ಕಾಯ್ದೆಗೆ 2008ರಲ್ಲಿ ಸೈನಿಕರ ಕುಟುಂಬದವರಿಗೆ ಅಂತಲೇ ಬೇರೆ ರಜೆ ಸೇರಿಸಿದರು, ಗಂಡ ವಿದೇಶಕ್ಕೆ ಡ್ಯೂಟಿ ಮೇಲೆ ಹೋದರೆ ಹೆಂಡತಿಗೆ ವರ್ಷಕ್ಕೆ 12 ವಾರ. 2013ರ ನಿಯಮದಿಂದ ಆ ಸೈನಿಕನ ತಂದೆ-ತಾಯಿಯ ಆರೈಕೆಯೂ ಅದರಲ್ಲಿ ಬಂತು. ಇಲ್ಲಿ ನೋಡುವುದು ಅವರು ನಿಮಗೆ ಏನಾಗಬೇಕು ಅಂತಲ್ಲ, ಸೈನಿಕನಿಗೆ ಏನಾಗಬೇಕು ಅಂತ. ನಿಮ್ಮತ್ತೆ ಅವರ ಹೆತ್ತಮ್ಮ ಅಲ್ವಾ?

ಒಂದು ಮಿತಿ ಇದೆ, ಈಗಲೇ ತಿಳಿದಿರಲಿ. ದಿನನಿತ್ಯದ ಆರೈಕೆಗೆ ಈ ರಜೆ ಸಿಗುವುದಿಲ್ಲ. ನೋಡಿಕೊಳ್ಳುವವರನ್ನು ಗೊತ್ತುಮಾಡಲು, ಅವರು ದಿಢೀರನೆ ಕೈಕೊಟ್ಟ ದಿನ ನೀವೇ ನಿಲ್ಲಲು, ಅತ್ತೆಯನ್ನು ಕೇರ್ ಹೋಮ್‌ಗೆ ಸೇರಿಸಬೇಕಾದರೆ ಅದಕ್ಕೆ ಓಡಾಡಲು ಸಿಗುತ್ತದೆ. ಮಗನ ಶಾಲೆ, ಡೇಕೇರ್ ವ್ಯವಸ್ಥೆಗೂ ಹೀಗೆಯೇ.

ಕರಾವಳಿ ಹುಡುಗ
ಮೊದಲು ನಿಮಗೆ ಅರ್ಹತೆ ಇದೆಯಾ ನೋಡಿಕೊಳ್ಳಿ. ಖಾಸಗಿ ಕಂಪನಿಯಾದರೆ ನೀವು ಕೆಲಸ ಮಾಡುವ ಜಾಗದಿಂದ 75 ಮೈಲಿಯೊಳಗೆ 50 ಜನ ನೌಕರರಿರಬೇಕು, ನೀವು ಅಲ್ಲಿ 12 ತಿಂಗಳು ಮುಗಿಸಿರಬೇಕು, ಹಿಂದಿನ 12 ತಿಂಗಳಲ್ಲಿ 1250 ಗಂಟೆ ದುಡಿದಿರಬೇಕು.

ನನ್ನ ಹೆಂಡತಿ ನೇವಿಯಲ್ಲಿದ್ದಾಳೆ. ಅವಳು ಹಡಗು ಹತ್ತಿದ ವರ್ಷ ನಾನು ಒಂದೇ ಸಲ 12 ವಾರ ತೆಗೆದುಕೊಳ್ಳಲಿಲ್ಲ, ಬೇಕಾದಾಗ ಅರ್ಧ ದಿನ, ಎರಡು ಗಂಟೆ ಅಂತ ಬಿಡಿಬಿಡಿಯಾಗಿ ತೆಗೆದುಕೊಂಡೆ, ಹಾಗೆ ತೆಗೆದುಕೊಳ್ಳಬಹುದು. ನಿಮ್ಮವರು ಮಧ್ಯದಲ್ಲಿ ವಿಶ್ರಾಂತಿ ರಜೆಗೆ ಬಂದರೆ ಜೊತೆಗಿರಲು 15 ದಿನದವರೆಗೂ ಸಿಗುತ್ತದೆ. ನನ್ನ ಹೆಂಡತಿ ವಾಪಸ್ ಬಂದ ದಿನ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದರಿನಲ್ಲಿ ನಿಂತಿದ್ದೆ, ಅದೂ ಇದೇ ರಜೆಯ ಲೆಕ್ಕದಲ್ಲಿ. ಆದರೆ ಇದಕ್ಕೆ ಸಂಬಳವಿಲ್ಲ. ಹೆಲ್ತ್ ಇನ್ಶೂರೆನ್ಸ್ ಮುಂದುವರಿಯುತ್ತದೆ, ನಿಮ್ಮ ಪಾಲಿನ ಪ್ರೀಮಿಯಂ ನೀವು ಕಟ್ಟುತ್ತಿರಬೇಕು. ಈಗಿನಿಂದಲೇ ದುಡ್ಡು ಸ್ವಲ್ಪ ಎತ್ತಿಡಿ.

ಡಲ್ಲಾಸ್ ಮಾಮ
ಇನ್ನು ಫೋನ್ ಬೇಡ ತಂಗಿ, ಇಮೇಲ್ ಹಾಕಿ. ಆರ್ಡರ್ ಪ್ರತಿ ಲಗತ್ತಿಸಿ. ಕಾರ್ಮಿಕ ಇಲಾಖೆಯ ಡಬ್ಲ್ಯೂಎಚ್-384 ಅನ್ನೋ ಫಾರಂ ಇದಕ್ಕೆಂದೇ ಇದೆ. ಕೇಳಿದ ಮೇಲೆ ನಿಮಗೆ ಅರ್ಹತೆ ಇದೆಯೋ ಇಲ್ಲವೋ ಅಂತ ಅವರು ಐದು ಕೆಲಸದ ದಿನಗಳೊಳಗೆ ತಿಳಿಸಬೇಕು. ಆಗಲೂ ಸುಮ್ಮನಿದ್ದರೆ ಕಾರ್ಮಿಕ ಇಲಾಖೆಗೆ ದೂರು ಕೊಡಿ, ದೂರು ಕೊಟ್ಟರು ಅಂತ ನಿಮ್ಮನ್ನು ಕೆಲಸದಿಂದ ತೆಗೆಯುವ ಹಾಗಿಲ್ಲ.

ಹಾಸನದ ಸೊಸೆ
ಮೂರು ವರ್ಷದಿಂದ ಇದೇ ಕಂಪನಿಯಲ್ಲಿದ್ದೇನೆ, ನಮ್ಮ ಆಫೀಸಿನಲ್ಲೇ ಇನ್ನೂರು ಜನ. ಇಮೇಲ್ ಕಳಿಸಿದೆ, ಮೂರನೇ ದಿನಕ್ಕೆ ಅರ್ಹತೆ ಇದೆ ಎಂದು ಬರೆದು ಆ ಫಾರಂ ಅನ್ನೇ ಕಳಿಸಿದ್ದಾರೆ! ನಮ್ಮವರು ರಾತ್ರಿಯೆಲ್ಲ ಕೂತು ಅಮ್ಮನ ಮಾತ್ರೆಗಳ ಪಟ್ಟಿ ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿದ್ದಾರೆ. ನಾಳೆ ಇಬ್ಬರೂ ಹೋಗಿ ಆರೈಕೆಗೆ ಒಬ್ಬರನ್ನು ನೋಡಿಕೊಂಡು ಬರುತ್ತೇವೆ.